ಹಿಂದಿ ಟೀಚರಮ್ಮನ ಖೊ ಖೊ ತಂಡ

ಶಾಲೆಯಲ್ಲಿ ಪಾಠ ಬಿಟ್ಟು ಬೇರೆ ಯಾವ ಕೆಲಸ ಬಂದರೂ ಅದು ಎಲ್ಲ ಕಡೆ ಸುತ್ತಿ ಕೊನೆಗೆ ಹಿಂದಿ ಟೀಚರ ಮೇಜಿನ ಮೇಲೇ ಬಂದು ಕೂರುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಹೊಳಲ್ಕೆರೆಯಿಂದ ಹೋಗಿ ಧರ್ಮಪುರದ ಕಡೆಯ ಒಂದು ಹೈಸ್ಕೂಲಿಗೆ ಸೇರಿದಾಗಲೂ ಹೀಗೇ ಆಯಿತು. ಈ ಸಂಗತಿಗಳನ್ನು ಹೇಳಿದರೆ ಕೇಳಿದವರು ನಗುತ್ತಾರೆ. ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಕೈ ಖಾಲಿ

ನಾನು ಸೇರಿದ ವರ್ಷವೇ ಡ್ರಿಲ್ ಮಾಸ್ತರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೆಡ್‌ಮಾಸ್ತರು ನನ್ನನ್ನು ಕರೆಸಿ, "ಮೇಡಂ, ಆಟೋಟ, ನಾಟಕ, ಚರ್ಚಾಸ್ಪರ್ಧೆ, ಎಲ್ಲ ಇನ್ಮೇಲೆ ನಿಮ್ದೇ" ಅಂದರು.

"ನಂದೇ ಯಾಕೆ ಸಾರ್?"

"ನಿಮ್ದು ಹಿಂದಿ ತಾನೆ. ಅದ್ರಾಗೆ ಯಾರು ಫೇಲಾದ್ರೂ ಊರವ್ರು ಕೇಳಲ್ಲ. ಕೈ ಖಾಲಿ ಐತಲ್ಲ."

ಎಲ್ಲ ಕ್ಲಾಸಿಗೂ ನಾನೊಬ್ಬಳೇ ಹಿಂದಿಯವಳು. ಬೆಳಗಿನಿಂದ ಸಂಜೆವರೆಗೆ ಕೂರಲು ಪುರುಸೊತ್ತಿರಲಿಲ್ಲ. ಹೆಡ್‌ಮಾಸ್ತರಿಗಿದ್ದದ್ದು ದಿನಕ್ಕೆ ಒಂದು ಪೀರಿಯಡ್ಡು. ಅದರಲ್ಲೂ "ಓದ್ಕಳ್ರಪ್ಪ" ಅಂತ ಹೇಳಿ ಪೇಪರ್ ಬಿಡಿಸುತ್ತಿದ್ದರು. ಸಿಟ್ಟು ನುಂಗಿಕೊಂಡು, "ಸಾಮಾನೇನಾದರೂ ಇದೆಯಾ ಸಾರ್?" ಎಂದೆ. ಡ್ರಾಯರ್ ಎಳೆದು ಒಂದು ಪೀಪಿ ಕೊಟ್ಟರು. ಅದು ನಡುವೆ ಸೀಳು ಬಿಟ್ಟಿತ್ತು. ಕೆನ್ನೆ ನೋಯುವಂತೆ ಊದಿದರೂ ಬರೀ ಗಾಳಿ ಬಂತು.

"ಸಾರ್, ಇದು ಕೂಗ್ತಿಲ್ಲ."

ಅವರು ತಲೆ ಎತ್ತದೆ ಹೇಳಿದರು, "ಹೆಣ್ಮಕ್ಕಳ ಆಟಕ್ಕೆ ಅಷ್ಟು ಸಾಕು ಮೇಡಂ. ಊರಿಗೆಲ್ಲ ಯಾಕೆ ಕೇಳ್ಬೇಕು?"

ಯಾವ ತಪ್ಪಿಗೆ

ಚೆಂಡಿಲ್ಲ, ಬ್ಯಾಟಿಲ್ಲ, ಬಲೆಯಿಲ್ಲ. ಎರಡು ಕಂಬ ನೆಟ್ಟರೆ ಸಾಕಾಗುವ ಆಟವೆಂದರೆ ಖೊ ಖೊ. ಹಟ ಹಿಡಿದು ಒಂಬತ್ತು ಹುಡುಗಿಯರ ತಂಡ ಕಟ್ಟಿದೆ. ಲಂಗವನ್ನು ಸೊಂಟಕ್ಕೆ ಎತ್ತಿ ಸಿಕ್ಕಿಸಿ ಅವರು ಓಡುವುದನ್ನು ನೋಡಿದರೆ ನನ್ನ ಸಿಟ್ಟು ಅರ್ಧ ಇಳಿಯುತ್ತಿತ್ತು.

ಮೂರನೇ ದಿನ ಕುರಿ ಸಾಕುವವರ ಮನೆಯ ಒಬ್ಬ ಅಜ್ಜಿ ಕೋಲು ಹಿಡಿದು ಮೈದಾನಕ್ಕೇ ನುಗ್ಗಿದಳು. ಅವಳ ಮೊಮ್ಮಗಳು ಸಾಲಿನಲ್ಲಿ ಕುಕ್ಕರಗಾಲಲ್ಲಿ ಕುಂತಿದ್ದಳು.

"ಏನ್ ಟೀಚರಮ್ಮ, ನಮ್ಮುಡುಗಿ ಏನ್ ತೆಪ್ಪು ಮಾಡೈತೆ ಅಂತ ಬಿಸಿಲಾಗೆ ಕುಂಡ್ರಿಸೀಯ?"

"ತಪ್ಪಲ್ಲಜ್ಜಿ, ಆಟ. ಬೆನ್ನಿಗೆ ಮುಟ್ಟಿ ಖೋ ಅಂದ್ರೆ ಎದ್ದು ಓಡಿ ಎದುರಿನವಳನ್ನ ಹಿಡೀಬೇಕು."

ಅಜ್ಜಿ ನಂಬಲಿಲ್ಲ. ಬೇವಿನ ಮರದಡಿ ಕುಂತು ನೋಡಿದಳು. ಅವಳ ಮೊಮ್ಮಗಳಿಗೆ ಖೋ ಸಿಕ್ಕಿತು, ಓಡಿದಳು, ಯಾರೂ ಸಿಗಲಿಲ್ಲ. ಇನ್ನೊಂದು ಸಲವೂ ಸಿಗಲಿಲ್ಲ. ಅಜ್ಜಿ ಎದ್ದು ನಿಂತಳು.

"ಲೇ, ಹಿಂದಿಂದೆ ಓಡಿದ್ರೆ ಕುರಿ ಸಿಗತೈತೇನೇ? ಅದು ಹೋಗೋ ಕಡೆ ನೀ ಮುಂಚೆ ಹೋಗಿ ನಿಲ್ಲಬೇಕು."

ನಾನು ಪುಸ್ತಕ ಓದಿ ಕಲಿಸಲಾಗದ್ದನ್ನು ಅವಳು ಒಂದು ಮಾತಿನಲ್ಲಿ ಕಲಿಸಿದಳು. ಹೋಗುವಾಗ ನನ್ನ ಹತ್ತಿರ ಬಂದು ಗಂಭೀರವಾಗಿ ಹೇಳಿದಳು, "ಒಂದನ್ನೂ ಹಿಡಿಯಾಕೆ ಬರಾಕಿಲ್ಲ ಇವಳಿಗೆ. ನಾಳೆಯಿಂದ ಇನ್ನೊಂದ್ ಗಂಟೆ ಜಾಸ್ತಿ ಕುಂಡ್ರಿಸು."

ನಾಳೆ ನೋಡಾಣ

ತಾಲ್ಲೂಕು ಪಂದ್ಯ ಹಿರಿಯೂರಿನಲ್ಲಿ. ಮೊದಲ ಬಸ್ಸಿಗೇ ಹೋಗಿದ್ದೆವು. ಹತ್ತಕ್ಕೆ ನಮ್ಮ ಆಟ ಎಂದಿದ್ದರು. ಮುಖ್ಯ ಅತಿಥಿ ಬಂದಿಲ್ಲ ಅಂತ ಹನ್ನೆರಡಾಯಿತು. ಆಮೇಲೆ ಗಂಡುಮಕ್ಕಳ ವಾಲಿಬಾಲ್ ಅಂತ ಎರಡಾಯಿತು. ಪಂದ್ಯ ನಡೆಸುತ್ತಿದ್ದ ಮಾಸ್ತರನ್ನು ಕೇಳಿದರೆ, "ಹೆಣ್ಮಕ್ಕಳದು ಟೈಮಿದ್ರೆ ನಾಳೆ ನೋಡಾಣ ಮೇಡಂ" ಅಂದರು. ನಾಳೆ ಪಂದ್ಯವೇ ಇರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಹುಡುಗಿಯರನ್ನು ಕರೆದುಕೊಂಡು ಹೋಗಿ ವಾಲಿಬಾಲ್ ಬಲೆಯ ಕೆಳಗೆ ಸಾಲಾಗಿ ಕೂರಿಸಿಬಿಟ್ಟೆ. ಎದುರಾಳಿ ತಂಡದ ಹುಡುಗಿಯರೂ ಬಂದು ಪಕ್ಕದಲ್ಲೇ ಕುಂತರು. ಆಟ ನಿಂತಿತು. ಆಗಲೇ ಮುಖ್ಯ ಅತಿಥಿಯ ಜೀಪು ಬಂತು.

"ಏನ್ರಿ ಇದು, ಧರಣಿನಾ?" ಎಂದು ಅವರು ಇಳಿಯುತ್ತಲೇ ಕೇಳಿದರು.

ಪಂದ್ಯ ನಡೆಸುತ್ತಿದ್ದ ಮಾಸ್ತರು ಬೆವರು ಒರೆಸಿಕೊಂಡು, "ಇಲ್ಲ ಸಾರ್, ಖೊ ಖೊ. ತಮಗೋಸ್ಕರ ಕಾಯ್ಕಂಡು ಕುಂತವೆ" ಅಂದರು.

ಅತಿಥಿಗಳಿಗೆ ಬಹಳ ಖುಷಿಯಾಯಿತು. ನಮ್ಮ ಆಟ ಶುರುವಾಯಿತು, ನಾವು ಗೆದ್ದೆವು. ಗಂಡುಮಕ್ಕಳಿಗೆ ಬೆಳ್ಳಿಬಣ್ಣದ ಕಪ್ಪು ಕೊಟ್ಟರು. ನಮಗೆ ತಲೆಗೊಂದು ಸೋಪಿನ ಡಬ್ಬಿ. ಬಿಚ್ಚಿ ನೋಡಿದರೆ ಒಳಗೆ ಸೋಪಿರಲಿಲ್ಲ.

ಗ್ರೂಪ್ ಫೋಟೋ

ಗೆದ್ದ ತಂಡ ಚಿತ್ರದುರ್ಗದ ಜಿಲ್ಲಾ ಪಂದ್ಯಕ್ಕೆ ಹೋಗಬೇಕು. ಹೆಡ್‌ಮಾಸ್ತರು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲಿಲ್ಲ. "ವಯಸ್ಸಿಗೆ ಬಂದ ಹುಡುಗೀರು, ದೂರ, ಯಾರು ಜವಾಬ್ದಾರಿ" ಅಂದರು. ನಾನಿದ್ದೇನಲ್ಲ ಎಂದರೆ, "ನಿಮಗ್ಯಾರು ಜವಾಬ್ದಾರಿ" ಅಂದರು.

ಫೋಟೋಕ್ಕೆ ಮಾತ್ರ ಅಡ್ಡಿ ಇರಲಿಲ್ಲ. ಫೋಟೋಗ್ರಾಫರ್ ಬಂದ ದಿನ ಹೆಡ್‌ಮಾಸ್ತರು, ಶಾಲಾ ಕಮಿಟಿಯ ಅಧ್ಯಕ್ಷರು, ಮೆಂಬರುಗಳು, ಗುಮಾಸ್ತರು, ಎಲ್ಲರೂ ರುಮಾಲು ಕೋಟು ಹಾಕಿಕೊಂಡು ಕುರ್ಚಿ ಹಿಡಿದರು. "ಜಾಗ ಸಾಲ್ತಿಲ್ಲ, ಮಕ್ಕಳು ಒಸಿ ಸರೀರಿ" ಅಂದರು. ಹುಡುಗಿಯರು ಸರಿದರು. ಇನ್ನೊಂದು ಸಲ ಸರಿಯಿರಿ ಅಂದರು. ಕೊನೆಗೆ ಅವರು ಸರಿದು ಸರಿದು ನನ್ನ ಜೊತೆ ಬೇವಿನ ಮರದಡಿ ನಿಂತಿದ್ದರು. ಒಬ್ಬಳು ಅಳುತ್ತಿದ್ದಳು.

ಕಟ್ಟು ಹಾಕಿಸಿದ ಫೋಟೋ ಬಂತು, ಹೆಡ್‌ಮಾಸ್ತರ ಕುರ್ಚಿಯ ಹಿಂದೆ ಗೋಡೆಗೇರಿತು. ಕೆಳಗಿನ ರಟ್ಟಿನ ಮೇಲೆ ಏನು ಬರೆಯಬೇಕೆಂದು ಫೋಟೋಗ್ರಾಫರಿಗೆ ನಾನು ಮೊದಲೇ ಚೀಟಿ ಕೊಟ್ಟಿದ್ದೆ. ಅವನು ಪಾಪ ಹಾಗೆಯೇ ಬರೆದಿದ್ದ. ತಮ್ಮ ಮುಖ ನೋಡಿಕೊಳ್ಳುವ ಸಡಗರದಲ್ಲಿ ಯಾರೂ ಅದನ್ನು ಓದಲಿಲ್ಲ. ನಾನು ಓದಿದೆ, ಬೇಕೆಂದೇ ಬಾಯಿ ಬಿಡಲಿಲ್ಲ.

ಮುಂದಿನ ವಾರ ಇನ್‌ಸ್ಪೆಕ್ಷನ್ನಿಗೆ ಸಾಹೇಬರು ಬಂದರು. ಕನ್ನಡಕ ಏರಿಸಿ ಗೋಡೆಯ ಫೋಟೋ ನೋಡಿದರು. ಮೀಸೆ ಹೊತ್ತ ಹನ್ನೊಂದು ಜನ. ಕೆಳಗೆ ಬಿಳಿ ಅಕ್ಷರದಲ್ಲಿ, "ಬಾಲಕಿಯರ ಖೊ ಖೊ, ತಾಲ್ಲೂಕಿಗೆ ಪ್ರಥಮ." ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಇದ್ರಲ್ಲಿ ಕ್ಯಾಪ್ಟನ್ ಯಾರ್ರೀ?"

ಹೆಡ್‌ಮಾಸ್ತರು ಕೋಟಿನ ಗುಂಡಿ ಸರಿಮಾಡಿಕೊಂಡು ಮುಂದೆ ಬಂದರು. "ನಡೂಕ ಕುಂತಿರೋನು ನಾನೇ ಸಾರ್."

ಸಾಹೇಬರು ಅವರನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಹಂಗಾದ್ರೆ ಜಿಲ್ಲಾ ಪಂದ್ಯಕ್ಕೆ ನೀವೇ ಬರಬೇಕಾಗತೈತೆ. ಲಂಗ ಹೊಲಿಸಿಕೊಂಡ್ರಾ?"

ಮಧ್ಯಾಹ್ನದೊಳಗೆ ಕಾಗದಕ್ಕೆ ಸಹಿ ಬಿತ್ತು.