ಹರಿಹರದಲ್ಲಿ ಮಾತ್ರ ತಪ್ಪುವ ಮಾಮ

ನಮ್ಮ ಸೋದರಮಾವನನ್ನು ಬಂಧುಗಳೆಲ್ಲ ‘ನಡೆದಾಡುವ ವಿಶ್ವಕೋಶ’ ಎನ್ನುತ್ತಾರೆ. ನನ್ನ ತಕರಾರು ಇಲ್ಲಿಂದಲೇ ಶುರು. ವಿಶ್ವಕೋಶವನ್ನು ಬೇಡವಾದಾಗ ಮುಚ್ಚಿಡಬಹುದು. ಮಾಮನನ್ನು ಮುಚ್ಚುವುದು ಹೇಗೆ?

ಮಾಮ ದಾವಣಗೆರೆಯಲ್ಲಿ ಮನೆಮನೆಗೆ ಹೋಗಿ ಹೊಲಿಗೆ ಮಷಿನ್ ರಿಪೇರಿ ಮಾಡುತ್ತಾನೆ. ಮಷಿನ್ ಬಿಚ್ಚಿ, ಸ್ಕ್ರೂಗಳನ್ನೆಲ್ಲ ಚಾಪೆಯ ಮೇಲೆ ಹರಡಿದ ಮೇಲೆಯೇ ಅವನು ಬಾಯಿ ತೆರೆಯುವುದು. ಆಗ ಮನೆಯವರು ತಪ್ಪಿಸಿಕೊಂಡು ಎಲ್ಲಿಗೆ ಹೋದಾರು? “ಆಕ್ಟೋಪಸ್ಸಿಗೆ ಹೃದಯ ಎಷ್ಟು ಹೇಳ್ರಿ ನೋಡೋಣ? ಮೂರು!” ಮೂರರ ಕೆಲಸವನ್ನೂ ವಿವರಿಸಿ ಮುಗಿಯುವವರೆಗೆ ಒಂದು ಸ್ಕ್ರೂ ಕೂಡ ಒಳಗೆ ಹೋಗುವುದಿಲ್ಲ. ಆವರಗೆರೆಯ ಟೈಲರಮ್ಮ ಒಬ್ಬರು ಕೈಮುಗಿದೇ ಬಿಟ್ಟರಂತೆ: “ಅಣ್ಣಾರೆ, ನನಗಿರೋದು ಒಂದೇ ಹೃದಯ. ನಾಳೆ ಮದುವಿ ಬ್ಲೌಸ್ ಕೊಡಬೇಕು, ಜಲ್ದಿ ಮಾಡ್ರಿ!”

ಇಷ್ಟೇ ಆಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಸಂಜೆಯಾದರೆ ಮಾಮ ಬಸ್ ಹತ್ತಿ ಹರಿಹರಕ್ಕೆ ಹೋಗುತ್ತಾನೆ, ನಮ್ಮ ದೊಡ್ಡಮ್ಮನ ಮನೆಗೆ. ಅಲ್ಲಿ ಅಜ್ಜಿ ಇದ್ದಾಳೆ, ಮಾಮನ ಅವ್ವ. ಯುಗಾದಿಯ ಹೊತ್ತಿಗೆ ಲಕ್ವ ಹೊಡೆದು ಅಜ್ಜಿಯ ಮಾತು ನಿಂತಿದೆ. ಕಿವಿ ಕೇಳುತ್ತದೆ, ಎಲ್ಲವೂ ಅರ್ಥವಾಗುತ್ತದೆ, ಬಾಯಿಂದ ಒಂದು ಪದವೂ ಹೊರಡುವುದಿಲ್ಲ. “ಮಾತಾಡಿಸ್ತಾ ಇರಿ, ವಾಪಸ್ ಬಂದರೂ ಬರಬಹುದು” ಎಂದಿದ್ದಾರೆ ಡಾಕ್ಟರು. ಎಲ್ಲರೂ ಕಾಯುತ್ತಿರುವುದು ಆ ಒಂದು ಪದಕ್ಕೆ. ಅಂಥ ಅಜ್ಜಿಯ ಕಿವಿಗೆ ಮಾಮ ದಿನವೂ ತುಂಬುತ್ತಿದ್ದದ್ದು ಏನನ್ನು? ಶುದ್ಧ ತಪ್ಪು ಮಾಹಿತಿ!

ಆರೋಪ ಮಾಡುವ ಮೊದಲು ಎದುರು ಪಕ್ಷಕ್ಕೂ ನ್ಯಾಯ ಕೊಡಬೇಕು ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿವೆ. ಕೊಡುತ್ತೇನೆ. ದಾವಣಗೆರೆಯಲ್ಲಿ ಮಾಮ ಹೇಳಿದ್ದೆಲ್ಲ ನಿಜ. ಪ್ರತಿಯೊಂದನ್ನೂ ಪರೀಕ್ಷಿಸಿ ನೋಡಿ, ಪ್ರತಿಸಲ ಸೋತಿದ್ದೇನೆ. ಸರಸ್ವತಿ ನಗರದಲ್ಲಿ ಒಂದು ಸೀಮಂತ. ಬಸುರಿಯ ಅತ್ತೆ, ಮಾವ, ಪುರೋಹಿತರು ಎಲ್ಲರೂ ಕೂತಿರುವಾಗ ಮಾಮ ಗಂಟಲು ಸರಿಮಾಡಿಕೊಂಡ. “ಕಡಲ್ಗುದುರಿ ಅಂತ ಒಂದು ಮೀನೈತ್ರಿ. ಅದರಾಗ ಬಸಿರು ಹೊತ್ತು ಮರಿ ಹಾಕೋದು ಗಂಡು!” ಏಳು ತಿಂಗಳ ಆ ಬಸುರಿ ಗಂಡನ ಕಡೆ ತಿರುಗಿ, “ಕೇಳಿಸ್ಕಂಡ್ರಾ?” ಎಂದಳು!

ಇನ್ನೊಮ್ಮೆ ಮಂಡಕ್ಕಿ ಅಂಗಡಿಯಲ್ಲಿ. “ಮೆಣಸಿನಕಾಯಿ ನಮ್ದಲ್ಲ ಸಾಹುಕಾರ್ರೆ, ಹಡಗು ಹತ್ತಿ ಬಂದಿದ್ದು. ಶೇಂಗಾನೂ ಹಂಗೇ, ಟೊಮೆಟೊನೂ ಹಂಗೇ.” ಅಂಗಡಿಯವರು ಬಾಣಲೆಯಿಂದ ಮಿರ್ಚಿ ಎತ್ತುತ್ತಲೇ ಕೇಳಿದರು: “ಪರದೇಶದ್ದು ಅಂತೀರಿ, ಮತ್ತೆ ಮೂರನೇ ಪ್ಲೇಟು ಯಾಕ ಕೇಳಿದ್ರಿ?” ಮಾಮ ಆ ಪ್ಲೇಟನ್ನೂ ಖಾಲಿ ಮಾಡಿಯೇ ಎದ್ದ.

ಹೀಗಿರುವ ಮನುಷ್ಯ ಹರಿಹರದಲ್ಲಿ ಬಸ್ಸಿಳಿದ ಕೂಡಲೇ ಹೇಗೆ ಕೆಡುತ್ತಾನೆ? ನಾನೂ ಭಾನುವಾರಗಳಂದು ಅಲ್ಲಿಗೆ ಹೋಗಿ, ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡತೊಡಗಿದೆ. ತಪ್ಪು ಒಂದು: ತುಂಗಭದ್ರೆ ಹುಟ್ಟುವುದೇ ಹರಿಹರದಲ್ಲಿ. ತಪ್ಪು ಎರಡು: ಹಾಲಿಗೆ ತಣ್ಣೀರು ಹಾಕಿದರೆ ಸಾಕು, ಹೆಪ್ಪಿಲ್ಲದೆ ಮೊಸರಾಗುತ್ತದೆ. ತಪ್ಪು ಮೂರು: ಕೋಳಿ ಕಾವು ಕೊಡುವುದು ನಾಲ್ಕೇ ದಿನ. ಮೂರು ಸಾಕ್ಷ್ಯ ಸಿಕ್ಕ ಮೇಲೆ ತೀರ್ಪಿಗೆ ಏನು ಅಡ್ಡಿ? ಮಾಮನಿಗೆ ವಯಸ್ಸಾಯಿತು ಎಂದು ಬರೆದುಕೊಂಡೆ.

ನಾಲ್ಕನೆಯದಕ್ಕೆ ಕಾದು ಕೂತಿದ್ದೆ. ಮಾಮ ಅಜ್ಜಿಯ ಮಂಚದ ತುದಿಗೆ ಕೂತು, “ಅವ್ವಾ, ಭತ್ತದ ಗದ್ದಿಗೆ ನೀರೇ ಬ್ಯಾಡಂತೆ. ಇಬ್ಬನಿ ಬಿದ್ರೆ ಸಾಕಂತೆ” ಎಂದ. ಅಜ್ಜಿ ಮಲೆಬೆನ್ನೂರಿನ ಕಡೆಯವಳು, ಮೊಣಕಾಲುದ್ದ ಕೆಸರಿನಲ್ಲಿ ನಾಟಿ ಹಾಕಿದವಳು. ಅವಳ ಎದುರು ಇಂಥ ಮಾತೇ?

“ಸುಳ್ಳು!” ಎಂದು ನಾನು ಎದ್ದು ನಿಂತೆ. ನೋಟ್‌ಬುಕ್ ತೆರೆದು ನಾಲ್ಕೂ ತಪ್ಪುಗಳನ್ನು ಕ್ರಮವಾಗಿ ಓದಿದೆ. ಚಪ್ಪಾಳೆಯೊಂದು ಬಿಟ್ಟು ಎಲ್ಲವೂ ಇತ್ತು.

ಮಾಮ ನನ್ನ ಕೈ ಹಿಡಿದು ಹೊರಗಿನ ಕಟ್ಟೆಗೆ ಕರೆದುಕೊಂಡು ಹೋದ.

“ಲಾಯರಮ್ಮ, ಅವೆಲ್ಲ ತಪ್ಪು ಅಂತ ನಂಗೆ ಗೊತ್ತಿಲ್ಲಾಂತ ಮಾಡೀಯೇನು?”

“ಗೊತ್ತಿದ್ದೂ ಯಾಕ ಹೇಳ್ತಿ ಮತ್ತೆ?”

“ಮೊದ್ಲು ಖರೇ ಸಂಗತೀನೇ ಹೇಳ್ದೆ. ಒಂದು ತಿಂಗಳು ಹೇಳ್ದೆ. ಅವ್ವ ತಲಿ ಆಡಿಸ್ಕೊಂಡು ನಿದ್ದಿ ಹೋಗ್ತಿದ್ಲು. ಆಕಿ ಹುಟ್ಟಾ ಜಗಳಗಂಟಿ ಕಣೇ. ಒಪ್ಪೋ ಮಾತಿಗೆ ಆಕಿ ಯಾವತ್ತು ಬಾಯಿ ಬಿಟ್ಟಾಳೆ? ತಪ್ಪು ಕೇಳಿದ್ರೆ ಮಾತ್ರ ತಡ್ಕಳಕ್ಕಾಗಲ್ಲ.” ಮಾಮ ತಿರುಗಿ ಒಳಗಿನ ಮಂಚದ ಕಡೆ ನೋಡಿದ. “ಇವತ್ತು ತುಟಿ ಅಲ್ಲಾಡ್ತಿತ್ತು. ಆಕಿ ಬಾಯಿಗೆ ಬಂದಿದ್ದ ಮಾತನ್ನ ನೀನು ಆಡಿಬಿಟ್ಟೆ.”

ನದಿ, ಮೊಸರು, ಕೋಳಿ, ಗದ್ದೆ. ಪಟ್ಟಿಯಲ್ಲಿದ್ದದ್ದೆಲ್ಲ ಅಜ್ಜಿ ಬದುಕಿಡೀ ಕಂಡಿದ್ದು, ಮಾಡಿದ್ದು. ಬರೆದುಕೊಂಡ ನನಗೆ ಅದು ಕಾಣಿಸಿರಲಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಅಷ್ಟೊಂದು ಬಹುಮಾನಗಳನ್ನು ನನಗೆ ಕೊಟ್ಟವರು ಯಾರಪ್ಪಾ!

ಮರು ಭಾನುವಾರ ಮಂಚದ ತುದಿಗೆ ನಾನೇ ಕೂತೆ. ಮಾಮ ಬಾಗಿಲಿಗೆ ಒರಗಿ ನಿಂತಿದ್ದ, ದೊಡ್ಡಮ್ಮ ಒಲೆ ಸಣ್ಣ ಮಾಡಿ ಬಂದಿದ್ದಳು. ಆಣೆ ಇಟ್ಟು ಹೇಳುವವಳಂತೆ ಹೇಳಿದೆ: “ಅಜ್ಜಿ, ಹೋಳಿಗಿಗೆ ಬೇಳೆ ಬೇಯಿಸಬಾರದಂತೆ. ಹಸೀದೇ ರುಬ್ಬಿ ತುಂಬಬೇಕಂತೆ.”

ಅಜ್ಜಿಯ ಹುಬ್ಬು ಗಂಟಿಕ್ಕಿತು. ಎಡಗೈ ಹೊದ್ದಿದ್ದ ಕೌದಿಯ ಅಂಚನ್ನು ಹಿಂಡಿತು. ತುಟಿ ಅದುರಿ ಮುಂದೆ ಬಂದು, ಅಲ್ಲೇ ನಿಂತಿತು. ನನ್ನ ಮಾತನ್ನು ಖಂಡಿಸಲು ನನ್ನಲ್ಲೇ ಆರು ವಾದಗಳಿದ್ದವು. ಆರನ್ನೂ ನುಂಗಿಕೊಂಡು, ಅವಳ ಮುಖದ ಹತ್ತಿರ ಬಾಗಿ ಕೇಳಿದೆ:

“ಯಾಕಜ್ಜಿ, ನಾ ಹೇಳಿದ್ದು ಖರೇ ಐತಲ್ಲ?”