ಮಣ್ಣಿಲ್ಲದ ಬಸಳೆ

ಗೊರ್... ಗೊರ್ರ್... ಸುಂಯ್. ನಮ್ಮ ಡೊಂಬಿವಲಿಯ ನಲ್ಲಿ ಬೆಳಗ್ಗೆ ನೀರು ಕೊಡುವ ಮೊದಲು ಹೀಗೆ ಗಂಟಲು ಸರಿಮಾಡಿಕೊಳ್ಳುತ್ತದೆ. ಆ ಸದ್ದಿಗಾಗಿಯೇ ಇಡೀ ಕಟ್ಟಡ ನಲ್ಲಿ ತೆರೆದಿಟ್ಟು ಮಲಗುತ್ತದೆ. ಕೆಮ್ಮು ಕೇಳಿದವನು ಎದ್ದು ನೀರು ತುಂಬಿಸಬೇಕು. ಆ ಭಾನುವಾರ ಕೆಮ್ಮು ನನಗೂ ಕೇಳಿಸಿತು. ಆದರೆ ನಾನು ಬಾಲ್ಕನಿಯಲ್ಲಿ ಇತಿಹಾಸ ನಿರ್ಮಿಸುವುದರಲ್ಲಿ ಮುಳುಗಿದ್ದೆ.

ಆ ಇತಿಹಾಸದ ಹೆಸರು ಬಸಳೆ. ನನ್ನ ಹೆಂಡತಿ ನಳಿನಾಕ್ಷಿಯ ಅಣ್ಣ ಮನೀಶ ಸಾನಪಾಡಾದಲ್ಲಿ ಹೋಟೆಲಿಟ್ಟಿದ್ದ. ಊರಿನಿಂದ ಮೊದಲ ಸಲ ಈ ಕಡೆ ಬಂದಾಗ ಅವಳು ಆ ಹೋಟೆಲಿನ ಹಿತ್ತಿಲಲ್ಲಿ ಒಂದು ಬಸಳೆ ದಂಟು ಊರಿದ್ದಳು. ಪಾತ್ರೆ ತೊಳೆದ ನೀರು ಕುಡಿದೇ ಅದು ಕಿಟಕಿಯ ಸರಳುಗಳನ್ನೆಲ್ಲ ತಬ್ಬಿ ಬೆಳೆದಿತ್ತು. ಈಗ ಆ ಕಟ್ಟಡವನ್ನು ಹೊಸದಾಗಿ ಕಟ್ಟಲು ಕೆಡವಿಬಿಟ್ಟರು. ನಳಿನಾಕ್ಷಿ ನಾಲ್ಕಾರು ದಂಟುಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿ, ಥಾಣೆಯಲ್ಲಿ ಗಾಡಿ ಬದಲಿಸಿ, ಮಡಿಲಲ್ಲಿಟ್ಟುಕೊಂಡು ಬಂದಳು.

"ಬಳ್ಳಿ ಹೋಯ್ತು. ಉಳಿದದ್ದು ಇಷ್ಟೇ," ಎಂದಳು.

ನಮ್ಮ ಸೊಸೈಟಿಯಲ್ಲಿ ಬಾಲ್ಕನಿಗೆ ಮಣ್ಣು ತರುವಂತಿಲ್ಲ. ಕುಂಡದ ಕೆಸರು ಕೆಳಗಿನವರ ಮೇಲೆ ಇಳಿಯುತ್ತದೆಂದು ಸೆಕ್ರೆಟರಿ ದಾಮ್ಲೆಯವರ ಕಾನೂನು. ನಮ್ಮ ಕೆಳಗಿನವರು ಸ್ವತಃ ದಾಮ್ಲೆಯವರೇ.

ನಾನು ಎದೆಯುಬ್ಬಿಸಿದೆ. "ದಾಮ್ಲೆ ಬೇಡ ಅಂದದ್ದು ಮಣ್ಣನ್ನು, ಬಸಳೆಯನ್ನಲ್ಲ. ಮಣ್ಣಿಲ್ಲದೆಯೇ ಬೆಳೆಸಿ ತೋರಿಸ್ತೇನೆ. ಹೈಡ್ರೋಪೋನಿಕ್ಸ್!"

"ಅದೆಂತ, ಇಂಜೆಕ್ಷನ್ನಾ?"

"ನೀರಲ್ಲಿ ಬೇರು ಬಿಡಿಸೋದು. ಆಮೇಲೆ ಸುಟ್ಟ ಜೇಡಿಯ ಉಂಡೆಗಳಲ್ಲಿ ಕೂರಿಸಿ, ಗೊಬ್ಬರದ ನೀರು ಕೊಡೋದು."

"ಬಸಳೆಗೆ ಅಷ್ಟೆಲ್ಲ ಬೇಡ ಮಾರಾಯ್ರೆ. ಇದು ಸತ್ರೆ ನನ್ನ ಹತ್ರ ಬೇರೆ ಇಲ್ಲ."

"ನಾನಿದ್ದೇನಲ್ಲ."

"ಅದೇ ಹೆದರಿಕೆ."

ಉಪ್ಪಿನಕಾಯಿ ಬಾಟಲಿಗಳಲ್ಲಿ ದಂಟುಗಳು ನಿಂತವು. ಗೆಣ್ಣಿನಲ್ಲಿ ಮೊದಲು ಬಿಳಿಯ ಚುಕ್ಕೆ, ಆಮೇಲೆ ಹಾಲಿನಿಂದ ಎಳೆದ ನೂಲಿನಂಥ ಬೇರು. ನಿಜ ಹೇಳುತ್ತೇನೆ, ಅದನ್ನು ನೋಡುತ್ತ ನನಗೆ ಆಫೀಸೇ ಮರೆತುಹೋಗುತ್ತಿತ್ತು. ಬದಲಾಪುರ ಲೋಕಲ್ ರೈಲಿನಲ್ಲಿ ಬೇರಿನ ಫೋಟೋ ತೋರಿಸತೊಡಗಿದ ಮೇಲೆ ನನಗೆ ದಿನವೂ ಕೂರಲು ಜಾಗ ಸಿಗತೊಡಗಿತು. ಪಕ್ಕದವರು ಎದ್ದು ಬಾಗಿಲ ಬಳಿ ನಿಲ್ಲುತ್ತಿದ್ದರು.

ನಾಟಿಯ ಭಾನುವಾರ ಬಂತು. ಜೇಡಿ ಉಂಡೆಗಳನ್ನು ಮೊದಲು ಚೆನ್ನಾಗಿ ತೊಳೆಯಬೇಕು. ಹೇಗೂ ಬಾಲ್ಕನಿಯ ನಲ್ಲಿ ತೆರೆದೇ ಇರುತ್ತದೆ, ನೀರು ಬಂದಾಗ ತಾವಾಗಿ ಸ್ನಾನ ಮಾಡಿಕೊಳ್ಳಲಿ ಎಂದು ಮೂಟೆಯನ್ನು ಬಕೆಟ್ಟಿಗೆ ಸುರಿದು ನಲ್ಲಿಯ ಕೆಳಗಿಟ್ಟಿದ್ದೆ. ನನ್ನ ಬುದ್ಧಿಗೆ ನಾನೇ ಬೆರಗಾಗಿದ್ದೆ. ಇತ್ತ ಬೆನ್ನು ಮಾಡಿ ಕುಳಿತು, ಬಾಟಲಿಯಿಂದ ಒಂದೊಂದೇ ದಂಟನ್ನು ಬೇರು ಮುರಿಯದಂತೆ ಎತ್ತಿ ಒದ್ದೆ ಟವೆಲಿನ ಮೇಲೆ ಮಲಗಿಸುತ್ತಿದ್ದೆ.

"ನೀರು ಬಂತು, ಕೇಳ್ತದಾ?" ಅಡುಗೆಮನೆಯಿಂದ ನಳಿನಾಕ್ಷಿ.

"ಇಲ್ಲಿ ಆಪರೇಷನ್ ನಡೀತಾ ಉಂಟು. ಯಾರೂ ಮಾತಾಡ್ಬೇಡಿ."

ಮಗಳು ಪ್ರೇಕ್ಷಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಾ, ಆಪ್ಕಾ ಖೇತ್ ತೈರ್ ರಹಾ ಹೈ," ಎಂದಳು.

ತಿರುಗಿ ನೋಡಿದೆ. ಹೊಲ ನಿಜವಾಗಿಯೂ ತೇಲುತ್ತಿತ್ತು. ಆ ಉಂಡೆಗಳು ನೀರಿನಲ್ಲಿ ಮುಳುಗುವುದಿಲ್ಲ ಎಂದು ಮಾರಿದವನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವು ಬಕೆಟ್ಟಿನ ಅಂಚು ದಾಟಿ, ಮೆರವಣಿಗೆ ಹೊರಟು, ನೀರು ಹೋಗುವ ತೂತಿನ ಮೇಲೆ ಒಂದರ ಪಕ್ಕ ಒಂದು ಭದ್ರವಾಗಿ ಕುಳಿತವು. ಅವುಗಳ ಮೈ ತೊಳೆದ ಕೆಂಪು ನೀರು ಬೇರೆ ದಾರಿ ಕಾಣದೆ ಬಾಲ್ಕನಿಯ ಅಂಚಿನಿಂದ ಧಾರೆಯಾಗಿ ಇಳಿಯಿತು. ಕೆಳಗೆ ದಾಮ್ಲೆಯವರ ಬಿಳಿ ಕುರ್ತಾಗಳು ಒಣಗುತ್ತಿದ್ದವು.

ದಾಮ್ಲೆ ಒಂದು ಕುರ್ತಾವನ್ನು ಸಾಕ್ಷಿಯ ಹಾಗೆ ಹಿಡಿದುಕೊಂಡೇ ಮೇಲೆ ಬಂದರು. "ಯೇ ಕ್ಯಾ ಹೈ, ಶೆಟ್ಟಿ?" ನಾನು ಶೆಟ್ಟಿಯಲ್ಲ. ದಾಮ್ಲೆಯವರಿಗೆ ಕರಾವಳಿಯವರೆಲ್ಲ ಶೆಟ್ಟಿಗಳೇ.

"ಮಿಟ್ಟಿ ನಹೀ ಹೈ," ಮಣ್ಣಲ್ಲ ಎಂದೆ, ತಲೆಯೆತ್ತಿ.

ಅವರು ನೆಲದ ನೀರಿಗೆ ಬೆರಳದ್ದಿ ಉಜ್ಜಿ ನನ್ನ ಮೂಗಿನ ಮುಂದೆ ಹಿಡಿದರು. "ತೋ ಯೇ ಕ್ಯಾ, ಕುಂಕುಮ್?"

"ಸುಟ್ಟದ್ದು. ಸುಟ್ಟ ಮೇಲೆ ಅದು ಮಣ್ಣಲ್ಲ," ಎಂದು ಹಿಂದಿಯಲ್ಲೇ ವಾದಿಸಿದೆ.

ದಾಮ್ಲೆ ರಾಜಿ ಸೂತ್ರ ಮುಂದಿಟ್ಟರು. ಮಣ್ಣೆಂದು ಒಪ್ಪಿಕೊಂಡರೆ ತಪ್ಪು ನನ್ನದು, ಗಿಡಗಳದ್ದಲ್ಲ. ಕೆಳಗೆ ಕಾಂಪೌಂಡಿನ ಬದಿಯಲ್ಲಿ ಈಗಲೇ ಜಾಗ ಕೊಡುತ್ತಾರೆ, ನೆಟ್ಟುಬಿಡಿ. ಮಣ್ಣಲ್ಲ ಅನ್ನುವುದಾದರೆ ಅದು ಕಟ್ಟಡದ ಕಸ. ಕಸ ಇವತ್ತೇ ಗೇಟಿನ ಹೊರಗೆ, ಗಿಡ ಸಮೇತ.

ನಳಿನಾಕ್ಷಿ ಟವೆಲನ್ನು ಎತ್ತಿಕೊಂಡಿದ್ದಳು. ಅದರ ಮಡಿಕೆಯಿಂದ ಹೊರಗೆ ಬಿಳಿ ಬೇರುಗಳು, ಸ್ನಾನ ಮಾಡಿಸಿದ ಶಿಶುವಿನ ಬೆರಳುಗಳ ಹಾಗೆ. ಅವು ಒಣಗತೊಡಗಿದ್ದವು.

"ಒಪ್ಪಿಕೊಳ್ಳಿ ಒಮ್ಮೆ," ಎಂದಳು ಮೆಲ್ಲಗೆ.

ಒಪ್ಪಿಕೊಳ್ಳುವುದೇ? ತಲೆ ಹೋದರೂ ಇಲ್ಲ. "ವಿಜ್ಞಾನದ ಪ್ರಶ್ನೆ ಇದು. ದಾಮ್ಲೆ ಹೆದರಿಸಿದ ಅಂತ ವಿಜ್ಞಾನ ಬದಲಾಗೋದಿಲ್ಲ."

ಅವಳು ದಾಮ್ಲೆಯವರ ಕಡೆ ತಿರುಗಿ, "ಮಿಟ್ಟೀ ಹೀ ಹೈ, ಭಾವೂ. ಚಲಿಯೇ, ಜಗಾ ದಿಖಾಯಿಯೇ," ಎಂದು ಮಣ್ಣೇ ಅಂತ ಒಪ್ಪಿ, ಜಾಗ ತೋರಿಸಲು ಕೇಳಿದಳು. ಚಪ್ಪಲಿ ಮೆಟ್ಟುತ್ತ ನನಗೆ ಹೇಳಿದಳು, "ಆ ಮೂಟೆ ಬಂದ ದಿನದಿಂದ ನೆಲ ಒರೆಸ್ತಾ ಇರೋದು ನಾನು. ಮಣ್ಣು ಯಾವುದು ಅಂತ ನನಗೆ ಗೊತ್ತಿಲ್ವಾ?"

"ಹಾಗಲ್ಲ ನಳಿನಾ, ಅದನ್ನು ಭಟ್ಟಿಯಲ್ಲಿ ಹಾಕಿ ಸುಡುವಾಗ..."

ನಾನಿನ್ನೂ ಭಟ್ಟಿಯಲ್ಲೇ ಇದ್ದೆ. ಅವಳು ಟವೆಲನ್ನು ಎದೆಗವಚಿಕೊಂಡು ಒಂದು ಮಹಡಿ ಇಳಿದಾಗಿತ್ತು.