ಬ್ಯಾಡಗಿಯ ನಾಲಿಗೆ, ಚೀನಾದ ತಾಟು

ಮೆಣಸಿನಕಾಯಿಯ ವಿಷಯದಲ್ಲಿ ಅಂದಾನೆಪ್ಪನಿಗೆ ಬುದ್ಧಿ ಹೇಳುವ ಗಂಡಸು ಬ್ಯಾಡಗಿಯಲ್ಲಿ ಹುಟ್ಟಿರಲಿಲ್ಲ. ಹೆಂಗಸು ಹುಟ್ಟಿದ್ದಳೋ ಏನೋ, ಬಾಯಿ ತೆರೆಯಲು ಅವನು ಬಿಟ್ಟಿರಲಿಲ್ಲ. ಅವಳ ಹೆಸರು ಗದಿಗೆವ್ವ. ಅವನನ್ನು ಕಟ್ಟಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಅಂಗಡಿಗೆ ಬಂದ ಕಾಯಿಯನ್ನು ಲಟಕ್ಕನೆ ಮುರಿದು, ಮೂಸಿ, ಇದು ಇಂಥ ಊರಿನ ಹೊಲದ್ದು ಎಂದುಬಿಡುತ್ತಿದ್ದ ಅಂದಾನೆಪ್ಪ. (ಕದರಮಂಡಲಗಿಯದನ್ನು ಮೇಡ್ಲೇರಿಯದು ಎಂದ ದಿನಗಳೂ ಇದ್ದವು. ಆಗ ತಪ್ಪು ಹೊಲದ್ದಾಗಿರುತ್ತಿತ್ತು.)

ಇಂಥವನಿಗೆ ೧೯೯೨ರಲ್ಲಿ ಮುಂಬಯಿಯಿಂದ ಕಾಗದ ಬಂತು. ರಾಣೆಬೆನ್ನೂರಿನ ಯೂಸುಫಸಾಬ ಅಲ್ಲಿ ಸಿಚುವಾನ್ ಅಡುಗೆಯ ಚೀನೀ ಹೋಟೆಲಿನಲ್ಲಿ ಮುಖ್ಯ ಅಡುಗೆಯವ. ಗಿರಾಕಿಗಳು ಖಾರಕ್ಕೆ ಅಳುತ್ತಾರೆ, ನಮಗೆ ಬಣ್ಣ ಬೇಕು, ಉರಿ ಬೇಡ, ನಿಮ್ಮ ಕಾಯಿಯ ಮಾದರಿ ಹಿಡಿದು ಬನ್ನಿ ಎಂದು ಬರೆದಿದ್ದ. ಅಷ್ಟು ಸಾಕಾಯಿತು. ಹೊರಡುವ ಮೊದಲೇ ಅಂದಾನೆಪ್ಪ ಅಂಗಡಿಯ ಬೋರ್ಡಿಗೆ ‘ಬ್ಯಾಡಗಿ–ಮುಂಬಯಿ’ ಎಂದು ಬರೆಸಿ ಪೇಟೆಗೆಲ್ಲ ಪೇಢೆ ಹಂಚಿಬಿಟ್ಟ. ಇನ್ನು ಬರಿಗೈಯಲ್ಲಿ ಮರಳಿದರೆ ಆ ಬೋರ್ಡಿನ ಕೆಳಗೆ ಕೂರುವ ಹಾಗಿರಲಿಲ್ಲ.

ಜೊತೆಗೆ ಹೊರಟ ಹೆಂಡತಿಗೆ ಬಸ್ಸಿನಲ್ಲೇ ಅಪ್ಪಣೆಯಾಯಿತು. “ವ್ಯಾಪಾರದ ಮಾತು ನಡದಾಗ ನೀ ನಡುವ ಬರಬ್ಯಾಡ. ಸುಮ್ನ ಉಂಡು ಏಳು, ತಿಳೀತಿಲ್ಲೊ?”

“ನಾ ಯಾಕ ಬರ್ಲಿ? ನನಗ ಸಮುದ್ರ ನೋಡೋದೈತಿ.”

ಹೋಟೆಲು ಸಣ್ಣದೇ. ಆದರೆ ಒಳಗೆ ಕಾಲಿಟ್ಟ ಅಂದಾನೆಪ್ಪ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ನಿಂತುಬಿಟ್ಟ. ಚಾವಣಿಯ ತುಂಬ ಕೆಂಪು ಕಾಗದದ ದೀಪಗಳು. ಗಾಜಿನಾಚೆ ಯೂಸುಫಸಾಬ ಬಾಣಲಿ ಎತ್ತಿದರೆ ಬೆಂಕಿ ಆಳೆತ್ತರ ಏಳುತ್ತಿತ್ತು, ಇಳಿಸಿದರೆ ಹೇಳಿದ ಮಾತು ಕೇಳಿ ಇಳಿಯುತ್ತಿತ್ತು. ಗುರುತಿಲ್ಲದ ಜನ ಒಂದೇ ಟೇಬಲ್ಲಿಗೆ ಒತ್ತೊತ್ತಾಗಿ ಕೂತು, ಎರಡೆರಡು ಕಡ್ಡಿಯಲ್ಲಿ ಒಂದೊಂದೇ ಶೇಂಗಾ ಬೀಜ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

“ಯವ್ವಾ! ಒಂದೂ ಬೀಳವಲ್ದಲ್ರೀ!” ಎಂದಳು ಗದಿಗೆವ್ವ.

“ಸುಮ್ನಿರು, ಹಳ್ಳಿ ಮಂದಿ ಅನ್ಕೊಂಡಾರು,” ಎಂದ ಅಂದಾನೆಪ್ಪ. ಅವನ ಬಾಯಿಯೂ ತೆರೆದೇ ಇತ್ತು.

ಇವರಿಗೆಂದೇ ಬೇರೆ ಬಾಣಲಿಯಲ್ಲಿ ಮಾಡಿದ ಶಾಕಾಹಾರಿ ತಾಟು ಬಂತು. ಅದನ್ನು ಕಂಡು ಅಂದಾನೆಪ್ಪನ ಕೈ ತಾನಾಗಿಯೇ ಮುಗಿಯಿತು. ಬರೀ ಒಣಮೆಣಸಿನಕಾಯಿ! ಪೇಟೆಯಲ್ಲಿ ಸುರಿದ ರಾಶಿಯನ್ನು ದಿನಾ ನೋಡಿದವನೇ, ಊಟದ ತಾಟಿನಲ್ಲಿ ಮಾತ್ರ ನೋಡಿರಲಿಲ್ಲ. ಇಷ್ಟು ದೂರದ ಜನ ಮೆಣಸಿನಕಾಯಿಗೆ ಇಷ್ಟು ಮರ್ಯಾದೆ ಕೊಡುತ್ತಾರಲ್ಲ ಎಂದು ಅವನು ನೇರ ಕಾಯಿಗೇ ಕೈ ಹಾಕಿದ.

“ಅಲ್ರೀ, ಆಜೂಬಾಜೂದವ್ರು ಕಾಯಿ ಬದಿಗಿ ಸರಿಸಿ, ಒಳಗಿನ ಬಟಾಟಿ ಅಷ್ಟ ತಿನ್ನಾಕತ್ತಾರ,” ಎಂದಳು ಗದಿಗೆವ್ವ.

“ಅವ್ರು ಬೊಂಬಾಯಿ ಮಂದಿ. ಬ್ಯಾಡಗಿಯಾವ ತಾಟಿನ್ಯಾಗ ಮೆಣಸಿನಕಾಯಿ ಬಿಟ್ಟು ಎದ್ದಾ ಅಂದ್ರ, ನಾಳೆ ಯಾವ ಮಾರಿ ಇಟ್ಕೊಂಡು ಮಾರ್ಲಿ?”

ಮೊದಲ ಕಾಯಿಗೆ ಕಿವಿ ಬಿಸಿಯಾಯಿತು. ಮೂರನೆಯದಕ್ಕೆ ಮೂಗು ಸೋರಿತು. ಏಳನೆಯದಕ್ಕೆ ನಾಲಿಗೆಯೇ ಇಲ್ಲ! ಬಾಯಿಗೆ ಬೆರಳು ಹಾಕಿ ಹುಡುಕಿದ. ಬೆರಳಿಗೆ ಸಿಕ್ಕಿತು, ಅವನಿಗೆ ಸಿಗಲಿಲ್ಲ. ಲಕ್ವಾ ಹೊಡೆಯಿತೆಂದೇ ತಿಳಿದ. ಹೆಂಡತಿಯನ್ನು ಕರೆದರೆ “ಗ ಗ ಗ” ಎಂದಷ್ಟೇ ಬಂತು.

ಯೂಸುಫಸಾಬ ಓಡಿ ಬಂದ. “ಅಯ್ಯೋ ಸಾವಕಾರ್ರ! ಆ ಕಾಯಿ ಘಮಕ್ಕಷ್ಟ ಹಾಕಿದ್ದು, ತಿನ್ನೋದಲ್ರಿ! ನಿಮ್ಮ ಬ್ಯಾಡಗಿ ಕಾಯಿ ಅಲ್ರಿ ಅದು, ಭಾಳ ಖಾರ ಐತಿ. ಅದರ ಜೋಡಿ ಚೀನಾದ ಕಾಳು ಬ್ಯಾರೆ, ನಾಲಿಗಿ ಜುಮ್ ಹಿಡಿಸ್ತೈತಿ. ಅರ್ಧ ತಾಸಿಗೆ ಇಳೀತೈತಿ, ಅಂಜಬ್ಯಾಡ್ರಿ.” ಆಮೇಲೆ ಗಲ್ಲಾಪೆಟ್ಟಿಗೆಯ ಕಡೆ ನೋಡಿ ದನಿ ತಗ್ಗಿಸಿದ. “ಮಾಲಕ್ರು ನೋಡಾಕತ್ತಾರ. ಕಾಯಿ ಮಾರಾಕ ಬಂದವ್ರ ಹಿಂಗ ಅತ್ರ, ನಿಮ್ಮ ಮಾಲು ಹೆಂಗ ತಗೊಂಡಾರ್ರಿ?”

ಅಂದಾನೆಪ್ಪನ ಕಣ್ಣ ಮುಂದೆ ಊರಿನ ಬೋರ್ಡು ಬಂದು ನಿಂತಿತು. ಆವರೆಗೆ ಸುರಿದದ್ದು ಖಾರದ ನೀರು. ಈಗ ಖರೇ ಅಳು ಬಂತು.

ಗದಿಗೆವ್ವ ಮಾದರಿಯ ಗಂಟು ಬಿಚ್ಚಿದಳು. ತಮ್ಮ ಕಾಯಿ ಒಂದನ್ನು ತೊಟ್ಟು ಮುರಿದು ಬಾಯಿಗೆ ಹಾಕಿಕೊಂಡಳು. ಇನ್ನೊಂದು. ಮತ್ತೊಂದು. ಹುರಿಗಡಲೆಯ ಹಾಗೆ ಕುರುಕುರು ಅಗಿದಳು. ನೀರು ಕೇಳಲಿಲ್ಲ. “ಬಿಸಿ ಎಣ್ಣಿ ತರ್ರಿ, ಸಾಬರ,” ಎಂದಳು. ಬಟ್ಟಲಿನ ಎಣ್ಣೆಗೆ ನಾಲ್ಕು ಕಾಯಿ ಪುಡಿ ಮಾಡಿ ಉದುರಿಸಿದಳು. ನೋಡನೋಡುತ್ತ ಎಣ್ಣೆಯೆಲ್ಲ ಕುಂಕುಮದ ಬಣ್ಣಕ್ಕೆ ತಿರುಗಿತು. ಕಡ್ಡಿ ಹಿಡಿದ ಕೈಗಳು ಅಲ್ಲಲ್ಲೇ ನಿಂತವು. ಮಾಲಕ ಗಲ್ಲಾ ಬಿಟ್ಟು ಎದ್ದು ಬಂದ.

“ನಮ್ಮ ಕಾಯಾಗ ಎರಡು ಜಾತಿ ಅದಾವ್ರಿ. ತೆಳ್ಳನ ಕಡ್ಡಿ ಕಾಯಿ ನಿಮಗ ಬ್ಯಾಡ. ಡಬ್ಬಿ ಕಾಯಿ ತಗೋರಿ, ದಪ್ಪ ಇರ್ತೈತಿ, ಬಣ್ಣ ಹೆಚ್ಚು. ಎಣ್ಣಿ ಹೊಗಿ ಆಡೂಮಟ ಕಾಸಬ್ಯಾಡ್ರಿ, ಬಣ್ಣ ಸುಡ್ತೈತಿ,” ಎಂದಳು. ಯೂಸುಫಸಾಬ ಅದನ್ನು ಹಿಂದಿಗೆ ತಿರುಗಿಸುತ್ತಿದ್ದ, ಮಾಲಕ ತಲೆಯಾಡಿಸುತ್ತಿದ್ದ. ವಾರಕ್ಕೆ ಎರಡು ಚೀಲವೆಂದು ಮಾತಾಯಿತು. ಅಂದಾನೆಪ್ಪ ಬಿಟ್ಟ ಕಣ್ಣು ಬಿಟ್ಟ ಹಾಗೆ ಹೆಂಡತಿಯನ್ನೇ ನೋಡುತ್ತಿದ್ದ. ಇಪ್ಪತ್ತೆರಡು ವರ್ಷ ಇವಳು ನಮ್ಮ ಮನೆಯಲ್ಲೇ ಇದ್ದಳೆ!

ಆ ಹೊತ್ತಿಗೆ ನಾಲಿಗೆ ಮರಳಿ ಬಂತು. ಸುಮ್ಮನಿರಲಾಗದೆ ಅವನು ಎದೆ ಮುಂದೆ ಮಾಡಿ ಶುರು ಮಾಡಿದ. “ಅದೇನಂದ್ರ ಸಾಬ, ಡಬ್ಬಿ ಕಾಯಿ ಅಂದ್ರ—”

ಗದಿಗೆವ್ವ ಯೂಸುಫಸಾಬ ತರಿಸಿದ್ದ ಮೊಸರನ್ನದ ಬಟ್ಟಲನ್ನು ಗಂಡನ ಮುಂದೆ ಸರಿಸಿದಳು.

“ವ್ಯಾಪಾರದ ಮಾತು ನಡದೈತ್ರಿ. ನೀವು ನಡುವ ಬರಬ್ಯಾಡ್ರಿ. ಸುಮ್ನ ಉಂಡು ಏಳ್ರಿ.”